ಹಿತ್ತಿಲಿನಿಂದ ಯಂತ್ರದವರೆಗೆ

ನಜರ್‌ಬಾದಿನ ಹಳೆಯ ಮನೆಗಳಲ್ಲಿ ಪಾತ್ರೆ ಬೆಳಗುತ್ತಿದ್ದುದು ಹಿತ್ತಿಲಿನಲ್ಲಿ. ಒಲೆಯ ಬೂದಿ, ಹುಣಸೆಹಣ್ಣು, ತೆಂಗಿನ ನಾರು, ತಣ್ಣೀರು, ಇಷ್ಟೇ ಸಾಮಗ್ರಿ. ಸೌದೆಯೆಲ್ಲ ಅಡಿಗೆಗೆ ಮತ್ತು ಸ್ನಾನದ ಹಂಡೆಗೆ ಮೀಸಲು. ಈ ಉಳಿತಾಯದ ಸುಂಕವನ್ನು ತೆತ್ತವು ಹೆಂಗಸರ ಕೈಗಳು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪ ಬಂದಿತು. ಅದಕ್ಕೂ ಮೊದಲೇ, 1886ರಲ್ಲಿ, ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ ಪಾತ್ರೆಗಳ ಮೇಲೆ ನೀರನ್ನು ರಭಸದಿಂದ ಚಿಮ್ಮಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಆ ಯಂತ್ರದ ಸಂತತಿ ಈಗ ನಮ್ಮ ಅಡಿಗೆಮನೆಗೂ ಕಾಲಿಟ್ಟಿದೆ.

ಅದು ಬಳಸುವ ವಿದ್ಯುತ್ತಿನ ದೊಡ್ಡ ಪಾಲು ಹೋಗುವುದು ನೀರು ಕಾಯಿಸುವುದಕ್ಕೆ. ಆದ್ದರಿಂದ ಎಂಜಲನ್ನು ಬಳಿದುಹಾಕಿ, ಯಂತ್ರ ತುಂಬಿದ ಮೇಲೆಯೇ ಅದನ್ನು ನಡೆಸುವುದು ಲೇಸು. ‘ಇಕೋ’ ಕ್ರಮಕ್ಕೆ ಹೊತ್ತು ಹೆಚ್ಚು ಬೇಕು, ಕಾವು ಕಡಿಮೆ ಸಾಕು. ತೊಳೆದಾದ ಮೇಲೆ ಬಾಗಿಲು ತೆರೆದಿಟ್ಟರೆ ಪಾತ್ರೆಗಳನ್ನು ಗಾಳಿಯೇ ಒಣಗಿಸುತ್ತದೆ.

ಬಿಸಿನೀರಿಗೆ ಬೆಲೆಯುಂಟೆಂಬುದನ್ನು ನಮ್ಮ ಅಜ್ಜಿಯರು ಬಲ್ಲವರಾಗಿದ್ದರು. ಅಂದಿನ ಉಳಿತಾಯಕ್ಕೆ ಅವರ ಕೈ ಸವೆಯಬೇಕಾಗಿತ್ತು. ಇಂದಿನ ಉಳಿತಾಯಕ್ಕೆ ನಮ್ಮ ತುಸು ತಾಳ್ಮೆ ಸಾಕು.