ಲೈಬ್ರರಿ ತಾತ ಹೇಳಿದ ಎರಡು ಪುಸ್ತಕ

ಹಲಸೂರಿನ ಲೈಬ್ರರಿಯಲ್ಲಿ ಪೇಪರ್ ಟೇಬಲ್ಲಿನ ಮೂಲೆಗೆ ಒಬ್ಬ ತಾತ ಕೂತಿರ್ತಾರೆ. ಮನೆಮಾತು ತಮಿಳು, ಓದು ಕನ್ನಡ, ಇಂಗ್ಲಿಷ್ ಎರಡೂ. ನಾವು ಯಾವ ಪುಸ್ತಕ ಎತ್ಕೊಂಡ್ರೂ 'ಅದಿರ್ಲಿ, ಮೊದ್ಲು ಇದನ್ನ ಓದಪ್ಪ' ಅಂತಾರೆ. ಕಂಟೋನ್ಮೆಂಟ್ ಹಿಂದೆ ಹೇಗಿತ್ತು ಅಂತ ಕೇಳಿದ್ದಕ್ಕೆ ಚರ್ಚಿಲ್ ಬರೆದ 'ಮೈ ಅರ್ಲಿ ಲೈಫ್' ಓದಲು ಹೇಳಿದರು.

1896ರಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿ ಇಲ್ಲಿಗೆ ಬಂದಾಗ ಚರ್ಚಿಲ್‌ಗೆ 21 ವರ್ಷ. 1930ರಲ್ಲಿ ಅಚ್ಚಾದ ಈ ನೆನಪುಗಳಲ್ಲಿ ಪೋಲೊ ಆಟ, ಮಧ್ಯಾಹ್ನದ ಬಿಸಿಲಲ್ಲಿ ಕೂತು ಗಿಬ್ಬನ್ ಓದಿದ್ದು ಎಲ್ಲಾ ಇದೆ. ಮೂವರು ಗೆಳೆಯರಿದ್ದ ಬಂಗಲೆಗೆ ಇಬ್ಬರು ಮಾಲಿಗಳು, ಮೂವರು ನೀರು ಹೊರೋರು, ನಾಲ್ವರು ಅಗಸರು. ತೋಟದ ಗುಲಾಬಿಗಳಿಗೆ ಹೆಸರಿದೆ: ಮಾರೆಷಾಲ್ ನೀಲ್, ಲಾ ಫ್ರಾನ್ಸ್. ಮಾಲಿಗಳಿಗಿಲ್ಲ.

ತಾತನ ಮುತ್ತಜ್ಜ ಕಂಟೋನ್ಮೆಂಟಿನ ಯಾವುದೋ ಬಂಗಲೆಯಲ್ಲಿ ಮಾಲಿಯಾಗಿದ್ದರಂತೆ.

'ಅದಕ್ಕೇ ಜೊತೆಗೆ ಮಾಸ್ತಿನೂ ಓದು' ಅಂತ 'ಚಿಕವೀರ ರಾಜೇಂದ್ರ' ಕೈಗಿಟ್ಟರು. 1956ರ ಕಾದಂಬರಿ, 1834ರಲ್ಲಿ ಬ್ರಿಟಿಷರು ಕೊಡಗನ್ನು ಕಿತ್ತುಕೊಂಡ ಕಥೆ. ರಾಜನ ಕಥೆ ಅಂದ್ಕೊಂಡೇ ಶುರು ಮಾಡಿದೆ. ಮನಸ್ಸಲ್ಲಿ ಉಳಿದವನು ಮಾತ್ರ ಕುಂಟ ಬಸವ, ಊಳಿಗದವನಾಗಿದ್ದು ಮಂತ್ರಿಯಾದವನು. ಕಾದಂಬರಿ ದಾಖಲೆಯಲ್ಲ, ಒಪ್ಪಿದೆ. ಆದ್ರೆ ಎದುರಿಗೇ ಇದ್ದವರನ್ನ ಚರ್ಚಿಲ್ ಬರೀ ಎಣಿಸಿ ಬಿಟ್ಟ. ಎಂದೂ ಕಾಣದ ಬಸವನಿಗೆ ಮಾಸ್ತಿ ಒಂದಿಡೀ ಬದುಕನ್ನೇ ಕೊಟ್ರು.

ಹೋದ ತಿಂಗಳು ಊರಿಗೆ ಹೋದಾಗ, ನಮ್ಮನೇಲಿ ದುಡಿದೋರ ಹೆಸರು ಹೇಳು ಅಂತ ಅಜ್ಜಿಯನ್ನ ಕೇಳಿದೆ. ಎತ್ತುಗಳ ಹೆಸರು ಥಟ್ಟನೆ ಬಂತು: ರಾಮ, ಲಕ್ಷ್ಮಣ. ಅವನ್ನ ಮೇಯಿಸ್ತಿದ್ದ ಹುಡುಗನ ಹೆಸರು ಎಷ್ಟು ಹೊತ್ತಾದ್ರೂ ಬರಲಿಲ್ಲ.