ವ್ಯಾನಿಟಾಸ್ ಚಿತ್ರಗಳು

ಬಾಳು ನಶ್ವರ, ಸಿರಿ ನಿಸ್ಸಾರ ಎಂಬುದನ್ನು ನೆನಪಿಸಲೆಂದು 17ನೆಯ ಶತಮಾನದ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಸ್ಥಿರವಸ್ತು ಚಿತ್ರಗಳ ಪ್ರಕಾರ. ‘ವ್ಯರ್ಥತೆ’ ಎಂಬರ್ಥದ ಈ ಹೆಸರು ಬೈಬಲ್ಲಿನ ‘ಪ್ರಸಂಗಿ’ ಗ್ರಂಥದ ಲ್ಯಾಟಿನ್ ಪಾಠದಿಂದ ಬಂದಿದೆ. ಲೈಡನ್ ನಗರ ಇದರ ಮುಖ್ಯ ನೆಲೆ.

ಸಾವನ್ನು ಕಣ್ಣೆದುರು ನಿಲ್ಲಿಸುವ ಕಲೆ ಯುರೋಪಿಗೆ ಹೊಸದಾಗಿರಲಿಲ್ಲ. 1424–25ರಲ್ಲೇ ಪ್ಯಾರಿಸ್ಸಿನ ಇನೊಸಾಂ ಸ್ಮಶಾನದ ಗೋಡೆಯ ಮೇಲೆ, ಪೋಪನಿಂದ ರೈತನವರೆಗೆ ಎಲ್ಲರನ್ನೂ ಎಳೆದೊಯ್ಯುವ ಮೃತ್ಯುನೃತ್ಯದ ಚಿತ್ರಗಳಿದ್ದವು. ಹಾನ್ಸ್ ಹೋಲ್‌ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರದ ಬುಡದಲ್ಲಿ ಓರೆಯಾಗಿ ಹಿಗ್ಗಿದ ಆಕಾರವೊಂದಿದೆ. ಪಕ್ಕದಿಂದ ನೋಡಿದಾಗ ಮಾತ್ರ ಅದು ತಲೆಬುರುಡೆಯೆಂದು ತಿಳಿಯುತ್ತದೆ. ಡಚ್ಚರು ಬಹುಮಟ್ಟಿಗೆ ಮನುಷ್ಯನನ್ನೇ ಚಿತ್ರದಿಂದ ಹೊರಗಿಟ್ಟು, ಅವನು ಬಿಟ್ಟುಹೋಗುವ ಸಾಮಾನುಗಳನ್ನು ಮೇಜಿನ ಮೇಲೆ ಹರಡಿದರು.

ಈ ಪ್ರಕಾರ ಅಲ್ಲಿ ಬೆಳೆಯಲು ಕಾರಣಗಳಿದ್ದವು. ಡಚ್ಚರ ಕ್ಯಾಲ್ವಿನ್ ಪಂಥದ ಚರ್ಚುಗಳಲ್ಲಿ ಸಂತರ ಚಿತ್ರಗಳಿಗೆ ಎಡೆಯಿರಲಿಲ್ಲ. ಚಿತ್ರ ಕೊಳ್ಳುವವರು ಕಡಲ ವ್ಯಾಪಾರದಿಂದ ಹಣವಂತರಾದ ಪಟ್ಟಣಿಗರು. ಲೈಡನ್‌ನಲ್ಲಂತೂ 1575ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಅಂಗರಚನಾ ಮಂದಿರದಲ್ಲಿ, ಸಾವನ್ನು ನೆನಪಿಸುವ ಬರಹದ ಪತಾಕೆ ಹಿಡಿದ ಅಸ್ಥಿಪಂಜರಗಳನ್ನೇ ನಿಲ್ಲಿಸಿದ್ದರು.

ಯಾಕಬ್ ದೆ ಖೇನ್ 1603ರಲ್ಲಿ ಬರೆದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಚಿತ್ರವನ್ನು ಈ ಪ್ರಕಾರದ ಆರಂಭದ ಕೃತಿಗಳಲ್ಲಿ ಎಣಿಸುತ್ತಾರೆ. ಗೂಡಿನಲ್ಲಿ ತಲೆಬುರುಡೆ, ಅದರ ಮೇಲೆ ತೇಲುವ ದೊಡ್ಡ ಗುಳ್ಳೆ, ಬದಿಯಲ್ಲಿ ಟುಲಿಪ್ ಹೂ, ಕೆಳಗೆ ನಾಣ್ಯಗಳು. ಮುಂದಿನವರು ಆರಿದ ದೀಪ, ಗಡಿಯಾರ, ಮಗುಚಿದ ಗಾಜಿನ ಬಟ್ಟಲು, ವಾದ್ಯ, ಪುಸ್ತಕಗಳನ್ನು ಸೇರಿಸಿದರು. ಹಾರ್ಮನ್ ಸ್ಟೇನ್‌ವೈಕ್‌ನ ಚಿತ್ರದಲ್ಲಿ ಜಪಾನಿನ ಖಡ್ಗ, ದೂರದ ಕಡಲಿನ ಶಂಖವೂ ಇವೆ.

ಈ ಚಿತ್ರಗಳ ನಿಜವಾದ ಬಲ ಅವುಗಳ ಇಬ್ಬಂದಿತನದಲ್ಲಿದೆ. ಯಾವುದನ್ನು ತೊರೆ ಎನ್ನುತ್ತವೆಯೋ ಅದನ್ನೇ ಆಸೆ ಹುಟ್ಟುವಷ್ಟು ಚೆನ್ನಾಗಿ ತೋರಿಸುತ್ತವೆ. ಚಿತ್ರವೂ ಒಂದು ದುಬಾರಿ ಸರಕು. ಇದನ್ನು ಎಲ್ಲರಿಗಿಂತ ಆಳವಾಗಿ ಅರಿತವನು ಡೇವಿಡ್ ಬೈಲಿ. ಲೈಡನ್ನಿನ ಲಾಕನ್‌ಹಾಲ್ ಸಂಗ್ರಹಾಲಯದಲ್ಲಿರುವ ಅವನ 1651ರ ಚಿತ್ರದಲ್ಲಿ, ಯುವ ಚಿತ್ರಕಾರನೊಬ್ಬ ಕುಂಚದ ಕೈಗೆ ಆಸರೆಯಾಗುವ ಕೋಲು ಹಿಡಿದು ಕುಳಿತಿದ್ದಾನೆ. ಇನ್ನೊಂದು ಕೈ ಆನಿಸಿಕೊಂಡಿರುವ ಪುಟ್ಟ ಭಾವಚಿತ್ರದಲ್ಲಿ ವಯಸ್ಸಾದ ಬೈಲಿಯ ಮುಖವಿದೆ. ಯುವಕನೂ ಬೈಲಿಯೇ ಎಂಬುದು ಬಹುಕಾಲದ ನಂಬಿಕೆ. ಹಾಗಾದರೆ ಕಳೆದುಹೋದ ಹರೆಯವೇ ಇಲ್ಲಿ ಜೀವಂತವಾಗಿ ಕುಳಿತು, ಆಗಿನ ಮುಪ್ಪು ಬರಿಯ ಚಿತ್ರವಾಗಿದೆ. ಕಾಲವನ್ನು ಹೀಗೆ ತಿರುವುಮುರುವಾಗಿಸಬಲ್ಲದ್ದು ಕಲೆಯೊಂದೇ. ಆದರೂ ಅವನು ವರ್ಣಫಲಕವನ್ನೂ ಶಿಲ್ಪಗಳನ್ನೂ ತಲೆಬುರುಡೆ, ಗುಳ್ಳೆಗಳ ಸಾಲಿಗೇ ಸೇರಿಸಿದ್ದಾನೆ.

ಮರಿಯಾ ಫಾನ್ ಓಸ್ಟರ್‌ವೈಕ್ ಕೂಡ ತನ್ನನ್ನು ಚಿತ್ರದೊಳಗೆ ತಂದಳು. ಅವಳು 1668ರಲ್ಲಿ ಬರೆದ, ವಿಯೆನ್ನಾದಲ್ಲಿರುವ ಚಿತ್ರದಲ್ಲಿ ಹೂ, ಚಿಟ್ಟೆ, ಲೆಕ್ಕದ ಪುಸ್ತಕಗಳ ನಡುವಿನ ಗಾಜಿನ ಸೀಸೆಯಲ್ಲಿ ಕಲಾವಿದೆಯದೇ ಪ್ರತಿಬಿಂಬವಿದೆ.