ವಿನೋಬನಗರ: ‘ಒಳ್ಳೆ ಸರ್ಕಾರಿ ಶಾಲೆ’ ಅಂತ ಗುರುತಿಸೋದು ಹೇಗೆ? ನವೋದಯ, ಆದರ್ಶ, ಕೆಪಿಎಸ್‌ಗೆ ಮಕ್ಕಳನ್ನು ಸೇರಿಸುವ ಮೊದಲು ಇದನ್ನು ಓದಿ

ಶಿವಮೊಗ್ಗ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಊರ ತುಂಬ ಶಾಲೆಗಳ ಫ್ಲೆಕ್ಸ್ ಏಳುತ್ತವೆ. ‘ಶೇ 100 ಫಲಿತಾಂಶ’ ಅಂತ ದಪ್ಪ ಅಕ್ಷರ, ಕೆಳಗೆ ಮಕ್ಕಳ ಫೋಟೊ. ಅದೇ ಹೊತ್ತಿಗೆ ವಿನೋಬನಗರದ ಪೊಲೀಸ್ ಚೌಕಿಯಿಂದ ಎಪಿಎಂಸಿವರೆಗೆ ಯಾವ ಅಂಗಡಿ ಮುಂದೆ ನಿಂತರೂ ಒಂದೇ ಮಾತು: ‘ಮಗೂನ ಯಾವ ಶಾಲೆಗೆ ಹಾಕ್ತೀರ?’

ಖಾಸಗಿ ಶಾಲೆಯ ಡೊನೇಷನ್ ಕಟ್ಟೋಕೆ ಆಗದವರು, ಕಟ್ಟೋಕಾದರೂ ಬೇಡ ಅನ್ನುವವರು ನವೋದಯ, ಆದರ್ಶ, ಮೊರಾರ್ಜಿ, ಕೆಪಿಎಸ್ ಕಡೆ ನೋಡುತ್ತಾರೆ. ಸರ್ಕಾರಿ ಶಾಲೆಗಳಲ್ಲೇ ಇವು ‘ಹೆಸರು ಮಾಡಿದ’ ಶಾಲೆಗಳು. ಆದರೆ ಹೆಸರು ಬೇರೆ, ಪಾಠ ಬೇರೆ. ಎರಡನ್ನೂ ಬಿಡಿಸಿ ನೋಡೋದು ಹೇಗೆ ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಮ್ಯಾಗ್ನೆಟ್ ಶಾಲೆ ಅಂದ್ರೆ ಏನು?

ಅಯಸ್ಕಾಂತ ಕಬ್ಬಿಣವನ್ನು ಎಳೆಯೋ ಹಾಗೆ ಸುತ್ತಲಿನ ಬಡಾವಣೆ, ಊರುಗಳ ಮಕ್ಕಳನ್ನು ತನ್ನ ಕಡೆ ಎಳೆಯುವ ಸರ್ಕಾರಿ ಶಾಲೆಯೇ ಮ್ಯಾಗ್ನೆಟ್ ಶಾಲೆ. ಈ ಪದ ಬಂದಿದ್ದು ಅಮೆರಿಕದಿಂದ. ಅಲ್ಲಿ ಕರಿಯರ ಮಕ್ಕಳು, ಬಿಳಿಯರ ಮಕ್ಕಳು ಬೇರೆ ಬೇರೆ ಶಾಲೆಯಲ್ಲಿ ಓದುತ್ತಿದ್ದರು. ಒತ್ತಾಯ ಮಾಡದೆ ಅವರನ್ನು ಒಂದೇ ಕಡೆ ಕೂರಿಸಲು, ಎಲ್ಲರಿಗೂ ಬೇಕು ಅನ್ನಿಸುವಂಥ ಶಾಲೆ ಕಟ್ಟುವ ಯೋಚನೆ ಹುಟ್ಟಿತು. 1968ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ಮೆಕಾರ್ವರ್ ಪ್ರಾಥಮಿಕ ಶಾಲೆಯನ್ನು ಹೀಗೆ ಬದಲಾಯಿಸಲಾಯಿತು. ಅಂದರೆ ಮೂಲ ಉದ್ದೇಶ ಜಾಣ ಮಕ್ಕಳನ್ನು ಆರಿಸಿಕೊಳ್ಳೋದಲ್ಲ, ಎಲ್ಲ ಥರದ ಮಕ್ಕಳನ್ನು ಸೇರಿಸೋದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಶಾಲೆಗಳು ಎರಡು ಥರ ಇವೆ. ಒಂದು, ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆ. ಇನ್ನೊಂದು, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಯಾವ ಶಾಲೆಗೆ ಹೇಗೆ ಪ್ರವೇಶ?

ನವೋದಯ: 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಶುರುವಾದ ಕೇಂದ್ರ ಸರ್ಕಾರದ ವಸತಿ ಶಾಲೆ. ಶಿವಮೊಗ್ಗ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಗಾಜನೂರಿನಲ್ಲಿದೆ. 5ನೇ ಕ್ಲಾಸಿನಲ್ಲಿರುವಾಗ ಅರ್ಜಿ ಹಾಕಿ ಪ್ರವೇಶ ಪರೀಕ್ಷೆ ಬರೆಯಬೇಕು. 6ನೇ ತರಗತಿಗೆ ಸೀಟು 80. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. 3, 4, 5ನೇ ತರಗತಿಯಲ್ಲಿ ಒಂದು ವರ್ಷ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ ಅಂತಲೇ ಲೆಕ್ಕ. ಹಾಗಾಗಿ ವಿನೋಬನಗರದ ಶಾಲೆಯಲ್ಲಿ ಓದುವ ಮಗುವಿಗೆ ಪೈಪೋಟಿ ಜಾಸ್ತಿ. ಎರಡನೇ ಸಲ ಪರೀಕ್ಷೆ ಬರೆಯಲು ಅವಕಾಶ ಇಲ್ಲ. 9ನೇ ತರಗತಿಯಿಂದ ತಿಂಗಳಿಗೆ ₹600 ವಿಕಾಸ ನಿಧಿ ಕಟ್ಟಬೇಕು. ಹೆಣ್ಣುಮಕ್ಕಳು, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್ ಕುಟುಂಬದ ಮಕ್ಕಳಿಗೆ ವಿನಾಯಿತಿ ಇದೆ.

ಆದರ್ಶ ವಿದ್ಯಾಲಯ: ರಾಜ್ಯದಲ್ಲಿ 74 ಇವೆ. ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕ್‌ಗಳಿಗೆ ಅಂತ ಶುರುವಾದವು. ಇಂಗ್ಲಿಷ್ ಮಾಧ್ಯಮ, 6ರಿಂದ 10ನೇ ತರಗತಿ, ಇಲ್ಲೂ ಪ್ರವೇಶ ಪರೀಕ್ಷೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು: ರಾಜ್ಯ ಸರ್ಕಾರದ ವಸತಿ ಶಾಲೆಗಳು. ಇವಕ್ಕೂ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ.

ಕರ್ನಾಟಕ ಪಬ್ಲಿಕ್ ಶಾಲೆ (ಕೆಪಿಎಸ್): ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಸುವ ಯೋಜನೆ. ಮೊದಲ ಹಂತದಲ್ಲಿ 176 ಶಾಲೆಗಳು ಆಯ್ಕೆಯಾದವು, ಆಮೇಲೆ ಇನ್ನೂ 100 ಸೇರಿದವು. 2025–26ರ ಬಜೆಟ್‌ನಲ್ಲಿ ಮತ್ತೆ 500 ಶಾಲೆಗಳ ಘೋಷಣೆ ಆಯಿತು. ಇಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ಮಾಡಲೂ ಬಾರದು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವಿಗೆ ಟೆಸ್ಟ್, ತಂದೆತಾಯಿಗೆ ಇಂಟರ್‌ವ್ಯೂ ಮಾಡಿದರೆ ಮೊದಲ ತಪ್ಪಿಗೇ ₹25,000ವರೆಗೆ ದಂಡ.

ಪರ್ಸೆಂಟೇಜ್ ನಂಬುವ ಮೊದಲು

ಫ್ಲೆಕ್ಸಿನ ಮೇಲಿನ ಶೇಕಡಾವಾರು ಸುಳ್ಳಲ್ಲ. ಆದರೆ ಅದು ಪೂರ್ತಿ ಲೆಕ್ಕವೂ ಅಲ್ಲ. ಎರಡು ಶಾಲೆ ಇವೆ ಎಂದಿಟ್ಟುಕೊಳ್ಳಿ. ಎರಡರಲ್ಲೂ 8ನೇ ತರಗತಿಯಲ್ಲಿ 60 ಮಕ್ಕಳು.

ಮೊದಲನೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದ್ದು 40 ಮಕ್ಕಳು, 40 ಜನವೂ ಪಾಸು. ಫ್ಲೆಕ್ಸಿನಲ್ಲಿ ಶೇ 100.

ಎರಡನೇ ಶಾಲೆಯಲ್ಲಿ ಕೂತಿದ್ದು 57, ಪಾಸಾಗಿದ್ದು 48. ಫ್ಲೆಕ್ಸ್ ಹಾಕಿದರೆ ಶೇ 84.

ಈಗ 8ನೇ ಕ್ಲಾಸಿನಿಂದ ಲೆಕ್ಕ ಹಾಕಿ. ಮೊದಲನೇ ಶಾಲೆ 60 ಮಕ್ಕಳಲ್ಲಿ 40 ಮಕ್ಕಳನ್ನು ದಡ ಸೇರಿಸಿದೆ, ಅಂದರೆ ಶೇ 67. ಎರಡನೆಯದು 48, ಅಂದರೆ ಶೇ 80. ಮೊದಲನೇ ಶಾಲೆಯ ಉಳಿದ 20 ಮಕ್ಕಳು ಎಲ್ಲಿ ಹೋದರು? ಮನೆಯವರು ಊರು ಬಿಟ್ಟಿರಬಹುದು. 9ರಲ್ಲಿ ಫೇಲಾಗಿರಬಹುದು. ‘ಓದಲ್ಲ’ ಅಂತ ಟಿಸಿ ಕೊಟ್ಟು ಕಳಿಸಿರಲೂಬಹುದು. ಕೇಳಬೇಕಾದ ಪ್ರಶ್ನೆ ಇದೇ: ‘ಎರಡು ವರ್ಷದ ಹಿಂದೆ 8ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ಸಲ ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು?’

ವರ್ಷದಿಂದ ವರ್ಷಕ್ಕೆ ಹೋಲಿಸುವಾಗಲೂ ಹುಷಾರಾಗಿರಬೇಕು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತುಬಿಟ್ಟರು ಅಂತಲ್ಲ, ಪರೀಕ್ಷೆ ನಡೆಯುವ ರೀತಿ ಬದಲಾಯಿತು. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ. 2025–26ರಿಂದ ಪಾಸಾಗಲು ಬೇಕಾದ ಒಟ್ಟು ಅಂಕ ಶೇ 33ಕ್ಕೆ ಇಳಿದಿದೆ. ಹಾಗಾಗಿ ಶಾಲೆ ತೋರಿಸುವ ಅಂಕಿ ಪರೀಕ್ಷೆ-1ರದ್ದೋ, ಮೂರೂ ಸೇರಿಸಿದ್ದೋ ಅಂತ ಕೇಳಿ. ಒಂದು ಶಾಲೆಯ ಈ ವರ್ಷವನ್ನು ಅದೇ ಶಾಲೆಯ ಹಿಂದಿನ ವರ್ಷಕ್ಕಿಂತ, ಅದೇ ವರ್ಷದ ತಾಲ್ಲೂಕಿನ ಸರಾಸರಿ ಜೊತೆ ಹೋಲಿಸೋದು ವಾಸಿ.

ಆರಿಸಿದ ಮಕ್ಕಳ ಶಾಲೆಯಲ್ಲಿ ಹೊಗಳಿಕೆ ಯಾರಿಗೆ?

ಜಿಲ್ಲೆಯ ಪರೀಕ್ಷೆ ಗೆದ್ದು ಬಂದ 80 ಮಕ್ಕಳು ಹತ್ತನೇ ಕ್ಲಾಸಿನಲ್ಲಿ ಚೆನ್ನಾಗಿ ಅಂಕ ತೆಗೆದರೆ ಆಶ್ಚರ್ಯ ಏನಿದೆ? ಅವರು ಬರುವಾಗಲೇ ಚೆನ್ನಾಗಿ ಓದುತ್ತಿದ್ದರು. ಬಿತ್ತನೆ ಬೀಜ ಆರಿಸಿ ತಂದ ಮೇಲೆ ಬಂದ ಪೈರು ನೋಡಿ ಗದ್ದೆ ಎಷ್ಟು ಒಳ್ಳೆಯದು ಅಂತ ಹೇಳೋಕೆ ಆಗಲ್ಲ.

ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್‌ನ ಪ್ರವೇಶ ಪರೀಕ್ಷೆ ಶಾಲೆಗಳ ಬಗ್ಗೆ 2014ರಲ್ಲಿ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಪ್ರಕಟವಾಯಿತು. ಕಟ್‌ಆಫ್‌ಗಿಂತ ಸ್ವಲ್ಪ ಮೇಲೆ ಅಂಕ ತೆಗೆದು ಸೀಟು ಪಡೆದ ಮಕ್ಕಳು, ಸ್ವಲ್ಪದರಲ್ಲಿ ಸೀಟು ತಪ್ಪಿಸಿಕೊಂಡ ಮಕ್ಕಳು ಇಬ್ಬರನ್ನೂ ಹೋಲಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಇಬ್ಬರ ನಡುವೆ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಗಾಜನೂರಿಗೂ ಅದೇ ಅನ್ವಯ ಅಂತ ಹೇಳೋಕಾಗಲ್ಲ. ಅದು ವಸತಿ ಶಾಲೆ. ಮನೆಯಲ್ಲಿ ಓದಲು ಜಾಗವೇ ಇಲ್ಲದ ಮಗುವಿಗೆ ಹಾಸ್ಟೆಲ್, ಊಟ, ಸಂಜೆ ಓದಿನ ಸಮಯ ಇವೇ ದೊಡ್ಡ ಲಾಭ. ಆದರೆ ಸೀಟು ಸಿಗಲಿಲ್ಲ ಅಂತ ಹತ್ತು ವರ್ಷದ ಮಗುವಿನ ಮುಂದೆ ‘ಎಲ್ಲ ಮುಗೀತು’ ಅನ್ನೋದು ತಪ್ಪು. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಗಣಿತಕ್ಕೆ ಒಬ್ಬರು ಒಳ್ಳೆ ಶಿಕ್ಷಕರಿದ್ದರೆ ಆ ಮಗುವಿನ ದಾರಿ ಅಲ್ಲೂ ತೆರೆದಿರುತ್ತೆ.

ಬೋರ್ಡ್ ಅಲ್ಲ, ಮೇಷ್ಟ್ರು ನೋಡಿ

ಕೆಪಿಎಸ್ ಅಂತ ಬೋರ್ಡ್ ಬದಲಾಗೋಕೆ ಒಂದು ದಿನ ಸಾಕು. ಶಿಕ್ಷಕರ ಹುದ್ದೆ ತುಂಬೋಕೆ ವರ್ಷಗಳು ಬೇಕು. ಕೇಳಬೇಕಾದ್ದು ಮೂರು.

1. ಮಂಜೂರಾದ ಹುದ್ದೆ ಎಷ್ಟು, ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು? ಅತಿಥಿ ಶಿಕ್ಷಕರು ಚೆನ್ನಾಗಿ ಪಾಠ ಮಾಡಲ್ಲ ಅಂತಲ್ಲ. ಆದರೆ ಅವರ ನೇಮಕ ತಡವಾದರೆ ಅಷ್ಟು ದಿನ ಆ ವಿಷಯದ ಪಾಠವೇ ಇರೋದಿಲ್ಲ.

2. ಕಾಯ್ದೆಯ ಲೆಕ್ಕ ಸರಿ ಇದೆಯಾ? 1ರಿಂದ 5ನೇ ತರಗತಿಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬ. 6ರಿಂದ 8ಕ್ಕೆ ವಿಜ್ಞಾನ–ಗಣಿತ, ಸಮಾಜ, ಭಾಷೆ ಮೂರಕ್ಕೂ ಕನಿಷ್ಠ ಒಬ್ಬೊಬ್ಬರು ಇರಬೇಕು.

3. ಇಂಗ್ಲಿಷ್ ಮಾಧ್ಯಮದ ವಿಭಾಗ ಇದ್ದರೆ ಅದನ್ನು ಕಲಿಸೋದು ಯಾರು? ಪುಸ್ತಕ ಇಂಗ್ಲಿಷ್, ಪಾಠ ಕನ್ನಡ, ಪರೀಕ್ಷೆಗೆ ಬಾಯಿಪಾಠ ಅಂತಾದರೆ ಮಗುವಿಗೆ ಎರಡು ಭಾಷೆಯೂ ಕೈಗೆ ಹತ್ತಲ್ಲ.

ಒಂದು ದಿನ ಹೋಗಿ ನೋಡಿ

ಪ್ರಾರಂಭೋತ್ಸವದ ದಿನ ಹೋಗಬೇಡಿ, ಅವತ್ತು ತಳಿರು ತೋರಣ ಇರುತ್ತೆ. ಸಾಮಾನ್ಯ ದಿನ ಮುಖ್ಯ ಶಿಕ್ಷಕರನ್ನು ಕೇಳಿಕೊಂಡು ಹೋಗಿ.

ಹೆಣ್ಣುಮಕ್ಕಳ ಶೌಚಾಲಯದಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಾ ನೋಡಿ. ಲೈಬ್ರರಿ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆಯಾ, ಮಕ್ಕಳ ಕೈಲಿ ಇದೆಯಾ ನೋಡಿ. ಕಂಪ್ಯೂಟರ್ ಮೇಲೆ ಹೊದಿಕೆ ಹಾಗೇ ಇದೆಯಾ ನೋಡಿ. ಬಿಸಿಯೂಟದ ಹೊತ್ತಿಗೆ ಶಿಕ್ಷಕರೂ ರುಚಿ ನೋಡ್ತಾರಾ ಕೇಳಿ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಓದುವ ಪಕ್ಕದ ಮನೆ ಮಗುವಿನ ನೋಟ್‌ಬುಕ್ ತೆರೆದು ನೋಡಿ. ಬರೀ ಟಿಕ್ ಮಾರ್ಕ್ ಇದ್ದರೆ ಯಾರೂ ಓದಿಲ್ಲ ಅಂತ ಅರ್ಥ. ತಪ್ಪನ್ನು ಗುರುತಿಸಿ ತಿದ್ದಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ.

ಇನ್ನೊಂದು ಸುಲಭ ಪರೀಕ್ಷೆ: 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯವರು ಗ್ರಾಮೀಣ ಮಕ್ಕಳ ಮನೆಗೇ ಹೋಗಿ 2ನೇ ತರಗತಿ ಮಟ್ಟದ ಪಾಠ ಓದಿಸುತ್ತಾರೆ. ಅದೇ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆ ಶಾಲೆಯ ನಾಲ್ಕೈದು ಮಕ್ಕಳು 5ನೇ ಕ್ಲಾಸಿನಲ್ಲಿದ್ದರೆ ಅವರಿಂದ 2ನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ತಡವರಿಸದೆ ಓದಿದರೆ ಶಾಲೆಯ ಬುನಾದಿ ಗಟ್ಟಿ ಇದೆ ಅನ್ನಬಹುದು.

ದೂರವೂ ಗುಣಮಟ್ಟವೇ

ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿ ಶಾಲೆ ಮನೆಯಿಂದ ಒಂದು ಕಿ.ಮೀ. ಒಳಗೆ, 6ರಿಂದ 8ನೇ ತರಗತಿ ಶಾಲೆ ಮೂರು ಕಿ.ಮೀ. ಒಳಗೆ ಇರಬೇಕು. ‘ಹೆಸರು ಮಾಡಿದ’ ಶಾಲೆ ಅದಕ್ಕಿಂತ ದೂರ ಇದ್ದರೆ ಆಟೊ ಬಾಡಿಗೆಯನ್ನು ಹತ್ತು ತಿಂಗಳಿಗೆ ಲೆಕ್ಕ ಹಾಕಿ. ಬೆಳಿಗ್ಗೆಯೇ ಅಂಗಡಿ ಬಾಗಿಲು ತೆಗೆಯುವವರಿಗೆ ಮಗುವನ್ನು ಬಿಟ್ಟು ಬರೋಕೆ ಯಾರಿದ್ದಾರೆ ಅನ್ನೋದೂ ಪ್ರಶ್ನೆಯೇ. ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ತಪ್ಪಿಸುವ ಮಗುವಿಗೆ ದೂರದ ಒಳ್ಳೆ ಶಾಲೆಗಿಂತ ಹತ್ತಿರದ ಸಾಧಾರಣ ಶಾಲೆಯೇ ಮೇಲು.

ಎಳೆದುಕೊಂಡ ಮೇಲೆ ಉಳಿದ ಶಾಲೆ?

2025ರ ಕೊನೆಗೆ ‘ಕೆಪಿಎಸ್ ಮ್ಯಾಗ್ನೆಟ್’ ಶಾಲೆ ಅನ್ನೋ ಹೆಸರು ರಾಜ್ಯದಲ್ಲಿ ದೊಡ್ಡ ಸುದ್ದಿ ಆಯಿತು. ಸುತ್ತಲಿನ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಇದರ ಹೆಸರಲ್ಲಿ ಮುಚ್ಚುತ್ತಾರೆ ಅಂತ ಎಐಡಿಎಸ್‌ಒ ಸೇರಿದಂತೆ ಸಂಘಟನೆಗಳು ಹೋರಾಟ ಮಾಡಿದವು. ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದರು. ಅವರು ಜಿಲ್ಲೆಯ ಸೊರಬ ಕ್ಷೇತ್ರದವರು, ಜಿಲ್ಲಾ ಉಸ್ತುವಾರಿ ಸಚಿವರೂ ಹೌದು.

ಒಂದು ಕಡೆ ನೋಡಿದರೆ, ಐದು ತರಗತಿಗೆ ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮಗು ಕಲಿಯೋದು ಕಷ್ಟ, ವಿಷಯಕ್ಕೊಬ್ಬ ಶಿಕ್ಷಕರಿರುವ ದೊಡ್ಡ ಶಾಲೆಯಿಂದ ಲಾಭ ಇದೆ. ಇನ್ನೊಂದು ಕಡೆ, ದೊಡ್ಡ ಶಾಲೆಗೆ ಓಡಾಡುವ ಅನುಕೂಲ ಇದ್ದವರು ಮೊದಲು ಹೋಗುತ್ತಾರೆ. ಹಳೇ ಶಾಲೆಯಲ್ಲಿ ಉಳಿಯೋದು ಕೂಲಿ ಮಾಡುವವರ, ವಲಸೆ ಬಂದವರ, ವಿಶೇಷ ಅಗತ್ಯವಿರುವ ಮಕ್ಕಳು. ಸಂಖ್ಯೆ ಕಡಿಮೆಯಾದ ಹಾಗೆ ಅಲ್ಲಿನ ಶಿಕ್ಷಕರ ಹುದ್ದೆಯೂ ಕಡಿಮೆಯಾಗುತ್ತೆ. ಆದ್ದರಿಂದ ಮ್ಯಾಗ್ನೆಟ್ ಶಾಲೆಯನ್ನು ಅಳೆಯುವಾಗ ಅದರ ಕಾಂಪೌಂಡ್ ಒಳಗೆ ಮಾತ್ರ ನೋಡಿದರೆ ಸಾಲದು. ಅದರ ಸುತ್ತಲಿನ ಶಾಲೆಗಳ ಮಕ್ಕಳಿಗೆ ಏನಾಯಿತು, ದೂರದ ಮಗುವಿಗೆ ಬಸ್ ಬಂತಾ ಅನ್ನೋದೂ ಅದೇ ಶಾಲೆಯ ಅಂಕಪಟ್ಟಿಗೆ ಸೇರಬೇಕು.

ಮಾಹಿತಿ ಎಲ್ಲಿ ಸಿಗುತ್ತೆ?

ಯು-ಡೈಸ್: ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇದೆ. ಕರ್ನಾಟಕದ್ದು 29ರಿಂದ ಶುರು. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯದ ವಿವರ ಬರುತ್ತೆ. ಇದು ಶಾಲೆಯವರೇ ತುಂಬಿದ ಮಾಹಿತಿ, ಹಾಗಾಗಿ ಕಣ್ಣಾರೆ ಕಂಡಿದ್ದರ ಜೊತೆ ತಾಳೆ ನೋಡಿ.

ಎಸ್‌ಡಿಎಂಸಿ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕೊನೇ ಸಭೆ ಯಾವಾಗ ಆಯ್ತು ಅಂತ ಕೇಳಿ. ಸದಸ್ಯರಿಗೇ ಗೊತ್ತಿಲ್ಲದಿದ್ದರೆ ಅದೇ ಉತ್ತರ.

ಮಾಹಿತಿ ಹಕ್ಕು: ಶಾಲೆಯವರು ಹೇಳದಿದ್ದರೆ ಬಿಇಒ ಕಚೇರಿಗೆ ₹10 ಶುಲ್ಕದ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಕೊಡಬೇಕು.

ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಐದು ಪ್ರಶ್ನೆ

1. 8ನೇ ತರಗತಿಯಲ್ಲಿದ್ದವರಲ್ಲಿ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾದರು?
2. ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಕಾಯಂ ಶಿಕ್ಷಕರು ಇದ್ದಾರಾ?
3. ಹಿಂದೆ ಬಿದ್ದ ಮಗುವಿಗೆ ಶಾಲೆ ಏನು ಮಾಡುತ್ತೆ?
4. ಎಸ್‌ಡಿಎಂಸಿ ಸಭೆ ಕೊನೇ ಸಲ ಯಾವಾಗ ಆಯ್ತು?
5. ಮಗು ದಿನಾ ಹೋಗಿ ಬರೋದು ಹೇಗೆ?

ಮೂರನೇ ಪ್ರಶ್ನೆಗೆ ಬರುವ ಉತ್ತರ ಗಮನವಿಟ್ಟು ಕೇಳಿ. ಜಾಣ ಮಕ್ಕಳ ಹೆಸರು ಎಲ್ಲ ಶಾಲೆಯವರೂ ಹೇಳುತ್ತಾರೆ. ಹಿಂದೆ ಬಿದ್ದ ಮಗುವಿನ ಹೆಸರು, ಅದಕ್ಕೆ ಏನು ಬರಲ್ಲ, ಈ ವಾರ ಏನು ಕಲಿಸಿದೆವು ಅಂತ ಹೇಳುವ ಮೇಷ್ಟ್ರು ಸಿಕ್ಕರೆ, ಬೋರ್ಡಿನ ಮೇಲೆ ಏನೇ ಬರೆದಿರಲಿ, ಆ ಶಾಲೆಗೆ ಸೇರಿಸಬಹುದು.